ಮೊದಲ ಬಸ್ಸು ಒಂಬತ್ತೂಕಾಲಿಗೆ

ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಯ ತಂಡ ನಮ್ಮ ಕಾಲೇಜಿಗೆ ಬಂದು ಹೋದ ಮರುದಿನ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಿರಾಳವಾಗಿ ಕೂತಿದ್ದೆವು. ಎರಡು ತಿಂಗಳು ಫೈಲು, ಫೋಟೋ, ವರದಿ ಅಂತ ಓಡಾಡಿ ಸಾಕಾಗಿತ್ತು. ಕೊನೆಯ ವರ್ಷದ ಬಿಎ ಹುಡುಗನೊಬ್ಬ ಬಾಗಿಲಲ್ಲಿ ಬಂದು ನಿಂತ. ‘ಸರ್, ಒಂದ್ನಿಮಿಷ’ ಅಂದ. ಎದ್ದು ಹೊರಗೆ ಹೋದೆ.

‘ಸರ್, ಐಕ್ಯೂಎಸಿ ಅಂತ ಯಾವುದೋ ಕಮಿಟಿ ಇದೆಯಂತೆ. ಅದ್ರಲ್ಲಿ ನಾನಿದ್ದೀನಾ?’

ಹಿಂದಿನ ದಿನ ತಂಡದವರು ವಿದ್ಯಾರ್ಥಿಗಳ ಜೊತೆ ಪ್ರತ್ಯೇಕವಾಗಿ ಮಾತಾಡಿದ್ದರು. ಅವರಲ್ಲೊಬ್ಬರು ಪಟ್ಟಿ ನೋಡಿ ಇವನ ಹೆಸರು ಕರೆದಿದ್ದಾರೆ. ಹೋದ ಸಭೆಯಲ್ಲಿ ಏನು ಚರ್ಚೆ ಆಯಿತು ಎಂದು ಕೇಳಿದ್ದಾರೆ. ಇವನಿಗೆ ತಲೆಬುಡ ಗೊತ್ತಿಲ್ಲ. ‘ಲೈಬ್ರರಿ ಜಾಸ್ತಿ ಹೊತ್ತು ತೆಗೆದಿರಬೇಕು ಅಂತ ಮಾತಾಡಿದ್ವಿ ಸರ್’ ಎಂದು ಹೇಳಿ ಎದ್ದು ಬಂದಿದ್ದಾನೆ.

‘ಕಾಲೇಜಿನ ಮರ್ಯಾದೆ ಹೋಗಬಾರದು ಅಂತ ಹಾಗೆ ಹೇಳ್ಬಿಟ್ಟೆ. ತಪ್ಪಾಯ್ತಾ ಸರ್?’

ಆ ಪಟ್ಟಿಗೆ ಅವನ ಹೆಸರು ಬರೆದವನು ನಾನೇ. ವಿದ್ಯಾರ್ಥಿ ಪ್ರತಿನಿಧಿ ಎಂಬ ಕಾಲಂ ಖಾಲಿ ಇತ್ತು. ಚೆನ್ನಾಗಿ ಓದುವ ಹುಡುಗ, ಕೈಬರಹ ಚೆಂದ, ಹೆಸರು ನೆನಪಿಗೆ ಬಂತು, ಬರೆದೆ. ಅವನಿಗೆ ಹೇಳಬೇಕು ಅಂತಲೇ ನನಗೆ ಹೊಳೆದಿರಲಿಲ್ಲ. ನಾನು ಅವನಿಗೆ ಏನು ಉತ್ತರ ಕೊಟ್ಟೆ ಅನ್ನುವುದು ಈಗ ಸರಿಯಾಗಿ ನೆನಪಿಲ್ಲ. ಅವನ ಮುಖ ಮಾತ್ರ ಚೆನ್ನಾಗಿ ನೆನಪಿದೆ. ನಮಗೋಸ್ಕರ ಸುಳ್ಳು ಹೇಳಿ, ಆಮೇಲೆ ನಮ್ಮ ಹತ್ತಿರವೇ ಬಂದು ತಪ್ಪಾಯಿತಾ ಎಂದು ಕೇಳಿದ ಹುಡುಗ.

ಹೊರಗಿನವರಿಗೆ ಐಕ್ಯೂಎಸಿ ಅಂದರೆ ಏನು ಅಂತ ಗೊತ್ತಿರಲಿಕ್ಕಿಲ್ಲ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ನ್ಯಾಕ್ ಶುರುವಾದದ್ದು 1994ರಲ್ಲಿ. ಅದರ ಮಾನ್ಯತೆ ಪಡೆಯುವ ಪ್ರತಿ ಕಾಲೇಜಿನಲ್ಲೂ ಗುಣಮಟ್ಟ ನೋಡಿಕೊಳ್ಳಲು ಒಂದು ಆಂತರಿಕ ಘಟಕ ಇರಬೇಕು. ಅದೇ ಇದು. ಪ್ರಿನ್ಸಿಪಾಲರು ಅಧ್ಯಕ್ಷರು. ಒಂದಷ್ಟು ಮೇಷ್ಟ್ರು, ಆಡಳಿತ ಮಂಡಳಿಯವರು, ಕಚೇರಿಯವರು ಇರುತ್ತಾರೆ. ಜೊತೆಗೆ ವಿದ್ಯಾರ್ಥಿಗಳ ಪರವಾಗಿ ಒಬ್ಬರು, ಹಳೆಯ ವಿದ್ಯಾರ್ಥಿಗಳ ಪರವಾಗಿ ಒಬ್ಬರು, ಊರಿನವರ ಪರವಾಗಿ ಒಬ್ಬರು. ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ನಿಯಮ ಮಾಡಿದವರು ಒಳ್ಳೆಯದನ್ನೇ ಯೋಚಿಸಿದ್ದಾರೆ. ಕಾಲೇಜು ಯಾರಿಗೆ ಸೇರಿದ್ದೋ ಅವರೆಲ್ಲರೂ ಒಂದು ಮೇಜಿನ ಸುತ್ತ ಕೂತು ಮಾತಾಡಲಿ ಎಂಬುದೇ ಅದರ ಆಸೆ.

ನಮ್ಮಲ್ಲಿ ಆಗುತ್ತಿದ್ದದ್ದೇ ಬೇರೆ. ನಡಾವಳಿ ಪುಸ್ತಕ ತಾನೇ ನಡೆದುಕೊಂಡು ಎಲ್ಲರ ಹತ್ತಿರ ಬರುತ್ತಿತ್ತು. ಅಟೆಂಡರ್ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕ್ಲಾಸಿನ ಬಾಗಿಲಿಗೆ ಬರುತ್ತಿದ್ದ. ನಾವು ಪಾಠದ ಮಧ್ಯೆ ಸಹಿ ಹಾಕಿ ಕಳಿಸುತ್ತಿದ್ದೆವು. ‘ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು’ ಎಂದು ಬರೆದಿರುತ್ತಿತ್ತು. ಸಭೆಯೇ ನಡೆದಿಲ್ಲ, ಭಿನ್ನಮತ ಎಲ್ಲಿಂದ ಬರಬೇಕು? ನ್ಯಾಕ್‌ನ ಏಳು ಮಾನದಂಡಗಳಲ್ಲಿ ಆರನೆಯದು ಆಡಳಿತ ಮತ್ತು ನಾಯಕತ್ವದ್ದು. ಅಧಿಕಾರ ಎಷ್ಟು ಹಂಚಿಕೆಯಾಗಿದೆ, ಎಲ್ಲರೂ ಪಾಲ್ಗೊಳ್ಳುತ್ತಾರಾ ಎಂದು ಅದರಲ್ಲಿ ಬರೆಯಬೇಕು. ಆ ಭಾಗವೂ ನನ್ನ ಪಾಲಿಗೇ ಬಂದಿತ್ತು. ಒಂದು ಪುಟ ಚೆನ್ನಾಗಿ ಬರೆದಿದ್ದೆ. ಆ ಹುಡುಗ ಬಂದು ಹೋದ ಮೇಲೆ ಆ ಪುಟವನ್ನು ತೆಗೆದು ಇನ್ನೊಮ್ಮೆ ಓದಿದೆ. ಓದಲು ಆಗಲಿಲ್ಲ.

ಆದರೂ ನಾನು ಅಷ್ಟಕ್ಕೇ ಬದಲಾಗಿಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಅದಕ್ಕೆ ಬಸ್ಸಿನ ಗಲಾಟೆ ಬೇಕಾಯಿತು.

ನಮ್ಮದು ತಾಲೂಕು ಕೇಂದ್ರದ ಕಾಲೇಜು. ಬಿಎ ಓದುವವರಲ್ಲಿ ಹೆಚ್ಚಿನವರು ಸುತ್ತಲ ಹಳ್ಳಿಗಳವರು. ಅದರಲ್ಲೂ ಹೆಣ್ಣುಮಕ್ಕಳು ಜಾಸ್ತಿ. ಅವತ್ತು 2023ರ ಆಗಸ್ಟ್ ಇರಬೇಕು. ಕೊಠಡಿ ಸಾಲುತ್ತಿರಲಿಲ್ಲ. ಎರಡು ಪಾಳಿ ಮಾಡೋಣ ಎಂದಾಯಿತು. ಬಿಎ ತರಗತಿ ಬೆಳಿಗ್ಗೆ ಎಂಟೂವರೆಗೆ ಶುರು, ಬಿಕಾಂ ಮಧ್ಯಾಹ್ನ. ಪ್ರಿನ್ಸಿಪಾಲರ ಚೇಂಬರಿನಲ್ಲಿ ಐದು ಜನ ಕೂತಿದ್ದೆವು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಚಹಾ ಬರುವ ಮೊದಲೇ ತೀರ್ಮಾನ ಆಗಿತ್ತು. ಐದು ಜನರಿಗೂ ಸ್ವಂತ ಗಾಡಿ ಇತ್ತು. ಇದು ಆಮೇಲೆ ಹೊಳೆದ ವಿಷಯ.

ಮರುದಿನ ಸುತ್ತೋಲೆ ಹೊರಟಿತು. ಅಟೆಂಡರ್ ತರಗತಿಯಿಂದ ತರಗತಿಗೆ ಹೋದ, ಮೇಷ್ಟ್ರು ಓದಿದರು, ಮಕ್ಕಳು ಕೇಳಿಸಿಕೊಂಡರು. ಯಾರೂ ಏನೂ ಅನ್ನಲಿಲ್ಲ. ಒಪ್ಪಿದ್ದಾರೆ ಎಂದುಕೊಂಡೆವು.

ಒಂದು ತಿಂಗಳಾಗುವಷ್ಟರಲ್ಲಿ ಮೊದಲ ಪೀರಿಯಡ್ಡಿಗೆ ಅರ್ಧ ತರಗತಿ ಖಾಲಿ. ಸ್ಟಾಫ್ ರೂಮಿನಲ್ಲಿ ಅದೇ ಮಾತು. ಈಗಿನ ಹುಡುಗರಿಗೆ ಶಿಸ್ತಿಲ್ಲ, ರಾತ್ರಿಯೆಲ್ಲ ಮೊಬೈಲು, ಬೆಳಿಗ್ಗೆ ಏಳೋದಿಲ್ಲ. ನಾನೂ ದನಿಗೂಡಿಸಿದ್ದೆ. ಹಾಜರಿ 75 ಪರ್ಸೆಂಟ್ ಇಲ್ಲದವರ ಪಟ್ಟಿ ನೋಟೀಸ್ ಬೋರ್ಡಿಗೆ ಬಂತು. ಉದ್ದದ ಪಟ್ಟಿ. ಮೂರನೆಯ ದಿನ ಒಬ್ಬ ತಾಯಿ ಮಗಳ ಕೈ ಹಿಡಿದುಕೊಂಡು ಬಂದರು. ಹೊಲದ ಕೆಲಸ ಬಿಟ್ಟು ಬಂದಿದ್ದರು. ನನ್ನನ್ನೇ ಪ್ರಿನ್ಸಿಪಾಲ್ ಎಂದುಕೊಂಡರು.

‘ನಮ್ಮೂರಿಗೆ ಬಸ್ ಬರೋದೇ ಎಂಟೂವರೆಗೆ ಸ್ವಾಮಿ. ಇಲ್ಲಿ ಮುಟ್ಟೋದು ಒಂಬತ್ತೂಕಾಲು. ಇವಳು ಹಾರ್ಕೊಂಡು ಬರ್ತಾಳಾ?’

ಆ ವರ್ಷದ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿತ್ತು. ಎಷ್ಟೋ ಮನೆಗಳಲ್ಲಿ ಮಗಳನ್ನು ಕಾಲೇಜಿಗೆ ಕಳಿಸಲು ಇದ್ದ ದುಡ್ಡಿನ ಅಡ್ಡಿ ಹೋಗಿತ್ತು. ಹಾಗೆ ಬಂದ ಮಕ್ಕಳನ್ನು ನಾವು ಟೈಮ್‌ಟೇಬಲ್ಲಿನಿಂದ ಹೊರಗೆ ನಿಲ್ಲಿಸಿದ್ದೆವು. ಪಟ್ಟಿಯಲ್ಲಿದ್ದ ಇಬ್ಬರು ಅಷ್ಟು ಹೊತ್ತಿಗೆ ಬರುವುದನ್ನೇ ನಿಲ್ಲಿಸಿದ್ದರು. ಅವರಲ್ಲಿ ಒಬ್ಬಳು ಮರಳಿ ಬಂದಳು. ಇನ್ನೊಬ್ಬಳು ಬರಲಿಲ್ಲ.

ಆ ಸಂಜೆ ಅಟೆಂಡರ್ ಕಿಟಕಿ ಮುಚ್ಚುತ್ತಿದ್ದ. ಅವನೂ ಅದೇ ದಿಕ್ಕಿನ ಹಳ್ಳಿಯವನು. ಕೇಳಿದೆ.

‘ಹೌದು ಸಾರ್, ನಾನೂ ಅದೇ ಬಸ್ಸಲ್ಲಿ ಬರ್ತಿದ್ದೆ. ಎಂಟೂವರೆ ಮಾಡಿದ ಮೇಲೆ ಹಾಲಿನ ಗಾಡೀಲಿ ಬರ್ತಿದ್ದೀನಿ.’

‘ಮತ್ತೆ ಮೊದಲೇ ಯಾಕಪ್ಪಾ ಹೇಳಲಿಲ್ಲ?’

‘ನೀವು ಕೇಳ್ಲಿಲ್ವಲ್ಲ ಸಾರ್.’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹವಾಮಾನದ ಬಗ್ಗೆ ಹೇಳಿದ ಹಾಗೆ ಹೇಳಿದ. ಸುತ್ತೋಲೆಯನ್ನು ಹದಿನಾಲ್ಕು ಕೊಠಡಿಗೆ ಹೊತ್ತವನು ಅವನು. ಹೊತ್ತುಕೊಂಡು ಹೋಗುವಾಗಲೇ ಇದು ನಡೆಯೋದಿಲ್ಲ ಅಂತ ಅವನಿಗೆ ಗೊತ್ತಿತ್ತು. ನಮ್ಮ ಭಾಷೆಯಲ್ಲಿ ಪ್ರಶ್ನೆ ಕೇಳುವುದಕ್ಕೂ ಕಿವಿಗೊಟ್ಟು ಕೇಳುವುದಕ್ಕೂ ಒಂದೇ ಪದ. ನಾವು ಎರಡನ್ನೂ ಮಾಡಿರಲಿಲ್ಲ.

ಸರಿಪಡಿಸಲು ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ ಎಂಬುದೇ ನನಗೆ ಇವತ್ತಿಗೂ ನೋವಿನ ಸಂಗತಿ. ಪ್ರತಿ ತರಗತಿಯಲ್ಲಿ ಒಂದು ಹಾಳೆ ಕಳಿಸಿದೆವು. ಊರು, ಬಸ್ಸು ಹತ್ತುವ ಹೊತ್ತು, ಇಳಿಯುವ ಹೊತ್ತು, ಸಂಜೆಯ ಕೊನೆಯ ಬಸ್ಸು. ಬಿಕಾಂನವರು ಹೆಚ್ಚಾಗಿ ಪೇಟೆಯವರು, ಹಾಸ್ಟೆಲಿನವರು. ಎಂಟೂವರೆ ಅವರಿಗೆ ಕಷ್ಟವಲ್ಲ. ಪಾಳಿ ಅದಲು ಬದಲು ಮಾಡಿದೆವು, ಬಿಎ ಶುರುವಾಗುವ ಹೊತ್ತನ್ನು ಬಸ್ಸಿಗೆ ಹೊಂದಿಸಿದೆವು. ಒಂದು ಮಧ್ಯಾಹ್ನದ ಕೆಲಸ.

ಮುಂದಿನ ವರ್ಷ ಹೊಸ ಪ್ರಿನ್ಸಿಪಾಲರು ಬಂದರು. ಅವರನ್ನು ಮೇಡಂ ಅಂತಲೇ ಕರೆಯುತ್ತೇನೆ. ಈ ಬಸ್ಸಿನ ಕತೆಯನ್ನು ನಾನೇ ಅವರಿಗೆ ಹೇಳಿದ್ದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, ತಿಂಗಳ ಕೊನೆಯ ಶನಿವಾರ ಒಂದು ಗಂಟೆ ಎಲ್ಲರೂ ಹೊಂಗೆ ಮರದ ಕೆಳಗೆ ಸೇರೋಣ ಅಂದರು. ಎಲ್ಲರೂ ಅಂದರೆ ಮೇಷ್ಟ್ರು, ಮಕ್ಕಳು, ಕಚೇರಿಯವರು, ಲೈಬ್ರರಿಯವರು, ಅಟೆಂಡರ್, ಕಸ ಗುಡಿಸುವ ಅಮ್ಮ. ಲೈಬ್ರರಿಯಲ್ಲಿ ಒಂದು ಪುಸ್ತಕ ಇಡುತ್ತೇವೆ, ಯಾರು ಬೇಕಾದರೂ ವಿಷಯ ಬರೆಯಬಹುದು. ಮೂರು ದಿನ ಮೊದಲು ಆ ವಿಷಯಗಳು ಬೋರ್ಡಿಗೆ ಬರುತ್ತವೆ. ಸಭೆಯಲ್ಲಿ ಮೊದಲು ಹೋದ ತಿಂಗಳ ಪ್ರಶ್ನೆಗೆ ಉತ್ತರ, ಆಮೇಲೆ ಹೊಸ ಪ್ರಶ್ನೆ. ನಡಾವಳಿಯನ್ನು ವಿದ್ಯಾರ್ಥಿಗಳೇ ಬರೆಯಬೇಕು. ಸೋಮವಾರ ಅದು ಎಲ್ಲರೂ ಓದುವ ಹಾಗೆ ಬೋರ್ಡಿನಲ್ಲಿ ಇರಬೇಕು.

ಮೊದಲ ಶನಿವಾರ ಯಾರೂ ಬಾಯಿ ಬಿಡಲಿಲ್ಲ. ನಾನೂರು ಮಕ್ಕಳು ಸುಮ್ನೆ ಕೂತಿದ್ದರು. ಮೇಡಂ ಕಾದರು. ಹೊಂಗೆಯ ಎಲೆ ಬೀಳುವುದು ಕೇಳಿಸುತ್ತಿತ್ತು. ನನ್ನ ಪಕ್ಕದ ಸಹೋದ್ಯೋಗಿ ‘ನೋಡಿ, ಇವರಿಗೆ ಹೇಳೋದಕ್ಕೆ ಏನೂ ಇಲ್ಲ’ ಅಂದರು. ನನಗೆ ಹಾಗನ್ನಿಸಲಿಲ್ಲ. ಹತ್ತು ಹನ್ನೆರಡು ವರ್ಷ ಕೈಕಟ್ಟಿ ಬಾಯಿ ಮೇಲೆ ಬೆರಳಿಟ್ಟು ಕೂರಿಸಿದ ಮಕ್ಕಳು ಒಂದು ಶನಿವಾರಕ್ಕೆ ಮಾತಾಡುತ್ತಾರಾ? ಎರಡನೆಯ ಸಭೆಯಲ್ಲಿ ಒಬ್ಬ ಹುಡುಗ ಫ್ಯಾನು ಕೆಟ್ಟಿದೆ ಎಂದ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರೋದಿಲ್ಲ ಎಂದು ಯಾರೋ ಪುಸ್ತಕದಲ್ಲಿ ಹೆಸರು ಹಾಕದೆ ಬರೆದಿದ್ದರು. ಮೇಡಂ ಅದನ್ನು ಎಲ್ಲರ ಮುಂದೆ ಓದಿದರು. ಒಂದು ವಾರದಲ್ಲಿ ನೀರು ಬಂತು. ಅದಾದ ಮೇಲೆ ಪುಸ್ತಕ ತುಂಬತೊಡಗಿತು.

ಮೂರನೆಯ ಸಭೆಯದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡನೆಯ ವರ್ಷದ ಹುಡುಗಿಯೊಬ್ಬಳು ಫೀಸಿನ ರಸೀದಿ ಹಿಡಿದುಕೊಂಡು ಎದ್ದಳು. ಇದರಲ್ಲಿ ಮ್ಯಾಗಜೀನ್ ಶುಲ್ಕ ಅಂತ ಇದೆ, ನಮ್ಮಕ್ಕ ಇಲ್ಲಿ ಮೂರು ವರ್ಷ ಓದಿದಳು, ಒಂದೂ ಮ್ಯಾಗಜೀನ್ ಬಂದಿಲ್ಲ, ದುಡ್ಡು ಎಲ್ಲಿ ಹೋಯಿತು ಅಂದಳು. ಎಲ್ಲರೂ ಕಚೇರಿ ಸೂಪರಿಂಟೆಂಡೆಂಟರ ಕಡೆ ತಿರುಗಿದರು. ಮೇಡಂ ‘ಲೆಕ್ಕದ ಪುಸ್ತಕ ತರ್ತೀರಾ’ ಎಂದು ಕೇಳಿದರು. ಅವರು ಒಳಗೆ ಹೋಗಿ ತಂದರು. ಕನ್ನಡಕ ಹಾಕಿಕೊಂಡರು. ವರ್ಷಾವಾರು ಓದಿದರು. ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿದಿದೆ. ದುಡ್ಡೆಲ್ಲ ಖಾತೆಯಲ್ಲೇ ಇತ್ತು. ಒಂದು ಪೈಸೆ ಅತ್ತಿತ್ತ ಆಗಿರಲಿಲ್ಲ. ಮ್ಯಾಗಜೀನ್ ಬರದೆ ಇದ್ದದ್ದಕ್ಕೆ ಕಾರಣ, ಸಂಪಾದಕ ಸಮಿತಿ ಮಾಡಬೇಕಾದ ನಾವು ಮೇಷ್ಟ್ರು ಮಾಡಿರಲಿಲ್ಲ, ಅಷ್ಟೇ.

ಸಭೆ ಮುಗಿದ ಮೇಲೆ ಸೂಪರಿಂಟೆಂಡೆಂಟರು ನನ್ನ ಹತ್ತಿರ ಬಂದರು. ಕೈ ಸ್ವಲ್ಪ ನಡುಗುತ್ತಿತ್ತು. ‘ಮೂವತ್ತು ವರ್ಷ ಲೆಕ್ಕ ಬರೆದಿದ್ದೀನಿ ಸರ್. ಆಡಿಟಿನವರು ಬಿಟ್ರೆ ಯಾರೂ ಓದಿ ಅಂತ ಕೇಳಿರಲಿಲ್ಲ. ಹಿಂದುಗಡೆ ಏನೇನು ಮಾತಾಡ್ಕೊಳ್ತಾರೆ ಅಂತ ನಂಗೆ ಗೊತ್ತಿತ್ತು’ ಅಂದರು. ಮುಚ್ಚಿಟ್ಟರೆ ಮಕ್ಕಳಿಗೆ ಅನ್ಯಾಯ ಅಂತ ಮಾತ್ರ ನಾನು ಯೋಚಿಸಿದ್ದೆ. ಪ್ರಾಮಾಣಿಕವಾಗಿ ಕೆಲಸ ಮಾಡಿದವರಿಗೂ ಅದು ಎಂಥ ಅನ್ಯಾಯ ಅಂತ ಅವತ್ತು ಕಂಡಿತು.

ಇದರಲ್ಲಿ ಹೊಸದೇನೂ ಇಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಜಮಾಬಂದಿ ನಡೆಯುತ್ತದೆ. ವರ್ಷಕ್ಕೊಮ್ಮೆ ಅಧಿಕಾರಿಗಳು ಬಂದು ಪಂಚಾಯಿತಿಯ ಲೆಕ್ಕವನ್ನು ಊರಿನವರ ಎದುರು ಬಿಚ್ಚಿಡಬೇಕು. ಕಟ್ಟಿದ ಚರಂಡಿ, ಹಾಕಿದ ರಸ್ತೆಯನ್ನು ಹೋಗಿ ನೋಡಬೇಕು. ಎಲ್ಲ ಊರಲ್ಲೂ ಸರಿಯಾಗಿ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಕೇಳುವ ಹಕ್ಕು ಇದೆ ಅಂತ ಹಳ್ಳಿಯ ಮುದುಕರಿಗೂ ಗೊತ್ತು. ಸರ್ಕಾರಿ ಶಾಲೆಗಳಲ್ಲಿ 2001ರಿಂದ ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿ ಇದೆ, ಅದರಲ್ಲಿ ತಂದೆತಾಯಿಗಳೇ ಕೂರುತ್ತಾರೆ. ಓದು ಬಾರದ ತಾಯಿ ಕೂಡ ಬಿಸಿಯೂಟದ ಬೇಳೆ ಯಾಕೆ ನೀರಾಗಿದೆ ಎಂದು ಕೇಳಬಹುದು. ಅದೇ ತಾಯಿಯ ಮಗಳು ಡಿಗ್ರಿಗೆ ಬಂದ ಕೂಡಲೇ ಯಾಕೆ ಬಾಯಿ ಮುಚ್ಚಿಕೊಳ್ಳಬೇಕು?

ಹಕ್ಕು ಕಾಗದದ ಮೇಲೆ ಇದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2023ರಲ್ಲಿ ಮಾಡಿದ ನಿಯಮದ ಪ್ರಕಾರ ವಿದ್ಯಾರ್ಥಿಗಳ ದೂರು ಕೇಳಲು ಸಮಿತಿ ಇರಬೇಕು. ಅದು 15 ಕೆಲಸದ ದಿನಗಳ ಒಳಗೆ ವರದಿ ಕೊಡಬೇಕು. ವಿದ್ಯಾರ್ಥಿ ಪ್ರತಿನಿಧಿಯೊಬ್ಬರನ್ನು ಅದಕ್ಕೆ ಕರೆಯಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಂತೂ ಇದ್ದೇ ಇದೆ. ತನ್ನ ಉತ್ತರ ಪತ್ರಿಕೆಯನ್ನು ತಾನು ನೋಡುವುದು ವಿದ್ಯಾರ್ಥಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ನೆನಪಿಡಿ, ಮಕ್ಕಳಿಂದ ಅರ್ಜಿ ಹಾಕಿಸಿ ಉತ್ತರಕ್ಕೆ 30 ದಿನ ಕಾಯಿಸುವ ಕಾಲೇಜು ಅಷ್ಟು ಹೊತ್ತಿಗೆ ಸೋತಿರುತ್ತದೆ. ಅರ್ಜಿಗೆ ಮೊದಲೇ ಹೇಳುವ ಮನಸ್ಸು ನಮಗಿರಬೇಕು.

ನನ್ನನ್ನು ಬಹಳ ದಿನದಿಂದ ಕಾಡುವ ಇನ್ನೊಂದು ವಿಷಯ ಚುನಾವಣೆ. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದದ್ದು 1989ರ ಮಾರ್ಚ್‌ನಲ್ಲಿ. ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ಹೊಡೆದಾಟದ ಕಾರಣಕ್ಕೆ ನಿಂತದ್ದು ಹೆಚ್ಚುಕಡಿಮೆ ಅದೇ ಕಾಲದಲ್ಲಿ. ದೇಶದ ಪ್ರಧಾನಿ ಯಾರಾಗಬೇಕು ಅಂತ ಹೇಳುವ ವಯಸ್ಸು ಬಂದ ಹೊತ್ತಿಗೆ ತನ್ನ ಕಾಲೇಜಿನ ಕಾರ್ಯದರ್ಶಿ ಯಾರಾಗಬೇಕು ಅಂತ ಹೇಳುವ ಅವಕಾಶ ಹೋಯಿತು. ಅಂದಿನ ಭಯ ಸುಳ್ಳಲ್ಲ. ಆಗ ಕಾಲೇಜಿನಲ್ಲಿದ್ದ ಹಿರಿಯರು ಚಾಕು, ಚೈನು, ಪೊಲೀಸ್ ವ್ಯಾನಿನ ಕತೆ ಹೇಳುತ್ತಾರೆ. ಆದರೆ 2006ರಲ್ಲಿ ಲಿಂಗ್ಡೋ ಸಮಿತಿ ಇದಕ್ಕೆ ದಾರಿ ತೋರಿಸಿತ್ತು, ಸುಪ್ರೀಂ ಕೋರ್ಟ್ ಅದನ್ನು ಪಾಲಿಸಿ ಎಂದೂ ಹೇಳಿತ್ತು. ಒಬ್ಬ ಅಭ್ಯರ್ಥಿಯ ಖರ್ಚು 5000 ರೂಪಾಯಿ ದಾಟಬಾರದು, ಅಚ್ಚು ಹಾಕಿಸಿದ ಪೋಸ್ಟರ್ ಬೇಡ, ಕೈಯಲ್ಲಿ ಬರೆದದ್ದು ಸಾಕು, 75 ಪರ್ಸೆಂಟ್ ಹಾಜರಿ ಇರಬೇಕು, ಹಿಂದಿನ ಪೇಪರ್ ಬಾಕಿ ಇರಬಾರದು. ಈಗ ಎಷ್ಟೋ ಕಾಲೇಜುಗಳಲ್ಲಿ ತರಗತಿಯ ಟಾಪರ್ ಸಿಆರ್, ಅಂದರೆ ತರಗತಿ ಪ್ರತಿನಿಧಿ ಆಗುತ್ತಾರೆ. ಅಂಕ ಜಾಸ್ತಿ ಬಂದವರು ಒಳ್ಳೆಯವರೇ. ಆದರೆ ಬಸ್ಸಿನ ಮಕ್ಕಳ ಕಷ್ಟ ಹೇಳಲು ಬಸ್ಸಿನಲ್ಲಿ ಬರುವವರೇ ಬೇಕು, ಅಲ್ವಾ? ಪಕ್ಷಗಳನ್ನು ಗೇಟಿನ ಹೊರಗೆ ನಿಲ್ಲಿಸಿ, ತರಗತಿ ಮಟ್ಟದಲ್ಲಾದರೂ ಚೀಟಿ ಹಾಕಿ ಆರಿಸುವುದು ಮತ್ತೆ ಶುರುವಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಕಾಲೇಜಿನಲ್ಲಿ ಹೋದ ವರ್ಷದಿಂದ ಸಿಆರ್‌ಗಳನ್ನು ಹಾಗೇ ಆರಿಸುತ್ತಿದ್ದೇವೆ. ಯಾರ ತಲೆಯೂ ಒಡೆದಿಲ್ಲ.

‘ಎಲ್ಲರನ್ನೂ ಕೇಳ್ತಾ ಕೂತರೆ ಕೆಲಸ ಆಗೋದು ಯಾವಾಗ?’ ಸ್ಟಾಫ್ ರೂಮಿನಲ್ಲಿ ಈ ಮಾತು ಈಗಲೂ ಬರುತ್ತದೆ. ಹೇಳುವವರು ಕೆಟ್ಟವರಲ್ಲ. ಪಾಠ, ಪರೀಕ್ಷೆ, ಮೌಲ್ಯಮಾಪನ, ಅದರ ಮೇಲೆ ಆನ್‌ಲೈನ್ ಮಾಹಿತಿ ತುಂಬುವ ಕೆಲಸ. ಶನಿವಾರದ ಒಂದು ಗಂಟೆಯೂ ಭಾರ ಅನ್ನಿಸುತ್ತದೆ. ಎಂಟೂವರೆಯ ತೀರ್ಮಾನ ಇಪ್ಪತ್ತು ನಿಮಿಷದಲ್ಲಿ ಆಯಿತು, ಅದು ತಪ್ಪು ಅಂತ ನಮಗೆ ತಿಳಿಯಲು ಎರಡು ತಿಂಗಳು ಹಿಡಿಯಿತು ಎಂದು ನಾನು ನೆನಪಿಸುತ್ತೇನೆ. ಎಲ್ಲವನ್ನೂ ಮರದ ಕೆಳಗೆ ತೀರ್ಮಾನಿಸಲು ಆಗುವುದಿಲ್ಲ, ಅದೂ ನಿಜ. ಪ್ರಶ್ನೆ ಪತ್ರಿಕೆ, ಒಬ್ಬ ಹುಡುಗಿಯ ದೂರು, ಒಬ್ಬ ಹುಡುಗನ ತಪ್ಪು, ಇವು ಸಭೆಯ ವಿಷಯವಲ್ಲ. ಇಂಥ ಕಾರಣಕ್ಕೆ ಇದನ್ನು ಇಲ್ಲಿ ಮಾತಾಡೋದಿಲ್ಲ ಎಂದು ಮೇಡಂ ಬಾಯಿಬಿಟ್ಟು ಹೇಳುತ್ತಾರೆ. ಮಕ್ಕಳು ಒಪ್ಪಿಕೊಳ್ಳುತ್ತಾರೆ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದರಲ್ಲೂ ಒಂದು ಶಕ್ತಿ ಇದೆ. 2021–22ರಲ್ಲಿ ನಮ್ಮ ರಾಜ್ಯಕ್ಕೆ ಹೊಸ ಶಿಕ್ಷಣ ನೀತಿ ಬಂದು ನಾಲ್ಕು ವರ್ಷದ ಡಿಗ್ರಿ ಶುರುವಾಯಿತು. 2024ರ ಮೇ ತಿಂಗಳಲ್ಲಿ ಆದೇಶ ಬಂದು ಮತ್ತೆ ಮೂರು ವರ್ಷದ ಪದ್ಧತಿಯೇ ಮರಳಿತು. ಒಂದೇ ಕಾರಿಡಾರಿನಲ್ಲಿ ಎರಡು ಬಗೆಯ ಸಿಲಬಸ್ಸು. ಆಗಲೇ ಸೇರಿದ್ದವರಿಗೆ ನಾಲ್ಕನೆಯ ವರ್ಷ ಏನಾಗುತ್ತದೋ ಎಂಬ ಆತಂಕ. ‘ನನಗೂ ಇನ್ನೂ ಪೂರ್ತಿ ಗೊತ್ತಿಲ್ಲ. ಗೊತ್ತಾದ ದಿನವೇ ಬೋರ್ಡಿಗೆ ಹಾಕ್ತೀನಿ’ ಅಂದರು ಮೇಡಂ. ಹಾಗೇ ಮಾಡಿದರು. ಮೊದಲಾಗಿದ್ದರೆ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪಿಡಿಎಫ್ ಬೀಳುತ್ತಿತ್ತು. ಅಡ್ಮಿನ್ ಬಿಟ್ಟು ಬೇರೆ ಯಾರೂ ಅದರಲ್ಲಿ ಬರೆಯುವ ಹಾಗಿರಲಿಲ್ಲ. ಎಲ್ಲರಿಗೂ ತಿಳಿಸಿದ್ದೇವೆ ಎಂದು ನಾವು ಮಲಗುತ್ತಿದ್ದೆವು.

ಎಲ್ಲವೂ ಸರಿಹೋಗಿದೆ ಎಂದು ಓದುವವರಿಗೆ ಅನ್ನಿಸಬಾರದು. ನಮ್ಮಲ್ಲಿ ಪಾಠ ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅತಿಥಿ ಉಪನ್ಯಾಸಕರು. ಕೆಲವರು ಹತ್ತು ಹದಿನೈದು ವರ್ಷದಿಂದ ಇದ್ದಾರೆ, ಆದರೂ ಅತಿಥಿಗಳೇ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್. ಸಭೆಯಲ್ಲಿ ಅವರು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಮಾತಾಡಿ ಎಂದು ಒಬ್ಬರನ್ನು ಒಮ್ಮೆ ಒತ್ತಾಯ ಮಾಡಿದೆ. ನನಗಿಂತ ಚೆನ್ನಾಗಿ ಪಾಠ ಮಾಡುವವರು. ‘ಮುಂದಿನ ವರ್ಷ ಇಲ್ಲಿರ್ತೀನೋ ಇಲ್ವೋ ಗೊತ್ತಿಲ್ಲ ಸರ್. ಯಾವ ಧೈರ್ಯದ ಮೇಲೆ ಮಾತಾಡಲಿ?’ ಅಂದರು. ಹೊಂಗೆ ಮರಕ್ಕೆ ಇದನ್ನು ಸರಿಪಡಿಸುವ ಶಕ್ತಿ ಇಲ್ಲ. ಕಾಲಡಿ ನೆಲ ಗಟ್ಟಿ ಇದ್ದವರಿಗೆ ಮಾತ್ರ ಬಾಯಿ ಬರುತ್ತದೆ. ಅವರ ಬಗ್ಗೆ ಬರೆಯುವಾಗ ನನಗೆ ಸಮಾಧಾನವಿಲ್ಲ. ಸದ್ಯಕ್ಕೆ ನಾವು ಮಾಡಿರುವುದು ಇಷ್ಟೇ. ವಿಭಾಗದ ಸಭೆಗಳಿಗೆ ಅವರನ್ನೂ ಕರೆಯುತ್ತೇವೆ. ಅವರ ಹೆಸರನ್ನೂ ನಡಾವಳಿಯಲ್ಲಿ ಬರೆಯುತ್ತೇವೆ. ಅವರು ಹೇಳಿದ್ದನ್ನು ಅವರದ್ದೇ ಮಾತು ಎಂದು ದಾಖಲಿಸುತ್ತೇವೆ.

ಆ ಬಿಎ ಹುಡುಗ ಈಗ ಬೇರೆ ಊರಲ್ಲಿ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ಕಾಲೇಜಿಗೂ ಬಂದಿದ್ದ. ಬೋರ್ಡಿನ ಮುಂದೆ ನಿಂತು ನಡಾವಳಿ ಓದುತ್ತಿದ್ದ. ಮೊದಲ ವರ್ಷದ ಹುಡುಗಿಯೊಬ್ಬಳು ನೀಲಿ ಪೆನ್ನಿನಲ್ಲಿ ಬರೆದದ್ದು, ಅಲ್ಲಲ್ಲಿ ಕಾಗುಣಿತ ತಪ್ಪಿತ್ತು. ಅವನು ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿ ನಕ್ಕ.

‘ಬಾಕಿ ಉಳಿದ ವಿಷಯ: ಲೈಬ್ರರಿ ಸಂಜೆ 6 ಗಂಟೆವರೆಗೆ ತೆಗೆದಿರಬೇಕು. ಉತ್ತರ ಕೊಡಬೇಕಾದವರು: ಪ್ರಿನ್ಸಿಪಾಲರು. ಯಾವಾಗ: ಮುಂದಿನ ಶನಿವಾರ.’